ಅಟ್ಟದ ಮೇಲಿನ ಸದ್ದು

(ಅರೇಹಳ್ಳಿಯಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಬೇಲೂರು ಹಳೇಬೀಡುಗಳ ನೆರೆಯಲ್ಲಿ ನಿಂತು ಕಲ್ಲನ್ನು ಕುರಿತು ಮಾತನಾಡುತ್ತೇನೆಂದು ಹೇಳಿದವನಿಂದ ಕೇಳುಗರು ಶಿಲ್ಪವನ್ನೋ ಶಾಸನವನ್ನೋ ನಿರೀಕ್ಷಿಸುವುದು ನ್ಯಾಯವೇ ಸರಿ. ಆದರೆ ಉಳಿಯ ಪೆಟ್ಟು ತಿಂದು ದೇವರೂ ಮದನಿಕೆಯೂ ಆದ ಕಲ್ಲನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಅನೇಕರಿರುವುದರಿಂದ, ಯಾವ ಉಳಿಯೂ ಮುಟ್ಟದೆ, ಕಾಫಿಯ ಬೇರಾಗಲಿ ಕೊಳವೆಬಾವಿಯ ಕೊರೆತವಾಗಲಿ ತಲಪಲಾರದ ಆಳದಲ್ಲಿ ಕತ್ತಲೆಯಲ್ಲಿ ಮಲಗಿದ್ದು, ಒಮ್ಮೊಮ್ಮೆ ಮಗ್ಗುಲು ಬದಲಿಸುವ ಕಲ್ಲಿನ ವಿಚಾರವಾಗಿ ನಾಲ್ಕು ಮಾತುಗಳನ್ನಾಡಲು ತಮ್ಮ ಅನುಮತಿಯನ್ನು ಬೇಡುತ್ತೇನೆ. ಅರೆ ಎಂಬ ಮಾತಿಗೆ ಕನ್ನಡದಲ್ಲಿ ಬಂಡೆಯೆಂಬ ಅರ್ಥವುಂಟು. ಈ ಊರಿನ ಹೆಸರು ಅದರಿಂದಲೇ ಬಂದಿತೆಂದು ವಾದಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಸ್ಥಳನಾಮಗಳಿಗೆ ವ್ಯುತ್ಪತ್ತಿ ಹೇಳಹೊರಟು ನಗೆಗೀಡಾದವರನ್ನು ಬೇಕಾದಷ್ಟು ಕಂಡಿದ್ದೇನೆ. ಅರೆಯ ಮಾತನ್ನಾಡುವುದಕ್ಕೆ ಅರೇಹಳ್ಳಿ ತಕ್ಕ ಸ್ಥಳವೆಂಬಷ್ಟಕ್ಕೇ ತೃಪ್ತನಾಗುತ್ತೇನೆ.

2022ನೆಯ ಇಸವಿ ಜೂನ್ ತಿಂಗಳಲ್ಲಿ ನಾನು ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವ ಪದ್ಧತಿಯು ಅರಸೀಕೆರೆಯ ಮಾರುಕಟ್ಟೆಯನ್ನು ಕಂಡ ತಮಗೆ ಹೊಸತಲ್ಲ. 23ನೆಯ ತಾರೀಖು ಬೆಳಗಿನ ಜಾವ, ಇನ್ನೂ ಕೋಳಿ ಕೂಗದ ಹೊತ್ತು, ಅಟ್ಟದ ಮೇಲಿನ ಕಾಯಿಗಳೆಲ್ಲ ಒಮ್ಮೆಗೇ ಉರುಳಿದಂಥ ಸದ್ದಾಯಿತು. ಮಂಚದ ಕಾಲು ಸಣ್ಣಗೆ ನಡುಗಿತು. ಅಡಿಗೆಮನೆಯ ಗೋಡೆಗೆ ಆನಿಸಿಟ್ಟಿದ್ದ ತಟ್ಟೆಗಳು ಒಂದಕ್ಕೊಂದು ತಗುಲಿ ಸುಮ್ಮನಾದುವು. ನಾನು ಎದ್ದು ಕುಳಿತೆ. ಒಳಕೋಣೆಯಿಂದ ಅಕ್ಕ, “ಅಟ್ಟಕ್ಕೆ ಇಲಿ ಬಿದ್ದವೆ ಕಣೋ, ಮಲಕೋ” ಎಂದಳು. ನಾನು ಮಲಗಿದೆ. ಎಷ್ಟೋ ವರ್ಷ ಶಿಲೆಗಳ ಪಾಠ ಹೇಳಿದವನು ಭೂಕಂಪದ ನಡುವೆ ಇಲಿಯನ್ನು ನಂಬಿ ಮತ್ತೆ ನಿದ್ರೆಹೋದನೆಂಬುದನ್ನು ಈ ವೇದಿಕೆಯ ಮೇಲೆ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಗಾದ ಮೇಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪ್ರಕಟಿಸಿದ ವಾರ್ತೆ ಬಂತು: ಹೊಳೆನರಸೀಪುರ ತಾಲ್ಲೂಕಿನಲ್ಲಿ, ಗಂಟೆ 4.38ಕ್ಕೆ, 3.4ರ ಪ್ರಮಾಣದ ಭೂಕಂಪ. ಅಕ್ಕ ಅದನ್ನು ಕೇಳಿ, ಇಲಿಗಳ ಮೇಲೆ ಹೊರಿಸಿದ ಅಪವಾದವನ್ನು ಹಿಂದಕ್ಕೆ ತೆಗೆದುಕೊಳ್ಳದೆಯೇ, ಕಾಫಿ ಸೋಸಲು ಹೋದಳು.

ವಿಷಯ ಅಷ್ಟಕ್ಕೇ ನಿಂತಿದ್ದರೆ ಈ ಉಪನ್ಯಾಸ ಹುಟ್ಟುತ್ತಿರಲಿಲ್ಲ. ಆರಿದ್ರಾ ಮಳೆ ಹಿಡಿದ ಆ ದಿನಗಳಲ್ಲಿಯೇ, ಎರಡು ದಿನ ಕಳೆದು 25ರಂದು ಕೊಡಗಿನ ಕರಿಕೆಯ ಸುತ್ತ 2.3ರದೊಂದು, 28ರ ಬೆಳಗ್ಗೆ ಚೆಂಬು ಗ್ರಾಮದ ಬಳಿ 3.0ರದೊಂದು, ಅಂದೇ ಸಂಜೆ ಮತ್ತೊಂದು, ಜುಲೈ ತಿಂಗಳಲ್ಲಿ ಇನ್ನೂ ಕೆಲವು, ಹೀಗೆ ಸಂಪಾಜೆಯ ಕಣಿವೆಯೂ ಸುಳ್ಯ ತಾಲ್ಲೂಕಿನ ಅರಂತೋಡು ತೊಡಿಕಾನಗಳ ಸೀಮೆಯೂ ಮಳೆಯೊಡನೆ ನಡುಗುತ್ತ ಹೋದುವು. ಅದರ ಹಿಂದಿನ ವರ್ಷ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ, ನಾಲ್ಕನ್ನು ಮುಟ್ಟಿದ ಒಂದು ಕಂಪನವೂ ಅದರ ಹಿಂದೆ ಮುಂದೆ ಎಣಿಕೆ ತಪ್ಪಿದ ಸಣ್ಣ ನಡುಕಗಳೂ ಬಂದ ಕಾರಣ, ಮನೆಗಳನ್ನು ಬಿಟ್ಟು ಬಯಲಿನಲ್ಲಿ ಮಲಗಿದರು. ಊರನ್ನೇ ಬಿಟ್ಟು ನೆಂಟರ ಮನೆಗಳಿಗೆ ಹೋದವರೂ ಉಂಟು. ಅದೇ ವರ್ಷ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರದ ಕಡೆ ಐದಾರು ನಿಮಿಷಗಳ ಅಂತರದಲ್ಲಿ ಎರಡು ಕಂಪನಗಳಾದುವು. ಇದರಲ್ಲೊಂದು ವಿನೋದವುಂಟು. ಆ ಜಿಲ್ಲೆಯ ಗೌರಿಬಿದನೂರಿನಲ್ಲಿ, ನಮ್ಮ ಪುರಾತನ ಕಣಶಿಲೆಯಷ್ಟು ನಿಶ್ಶಬ್ದವಾದ ನೆಲ ದೊರೆಯುವುದು ದುರ್ಲಭವೆಂದು, ಪರದೇಶಗಳ ಮರುಭೂಮಿಗಳಲ್ಲಿ ಸಿಡಿಸುತ್ತಿದ್ದ ಅಣುಬಾಂಬುಗಳ ಸದ್ದನ್ನು ನೆಲದ ಮೂಲಕ ಆಲಿಸುವುದಕ್ಕಾಗಿ 1965ರಲ್ಲಿ ಭೂಕಂಪಮಾಪಕಗಳ ಸಾಲೊಂದನ್ನು ನೆಟ್ಟಿದ್ದರು. ಸಹಸ್ರಾರು ಮೈಲಿಯಾಚೆಯ ಸದ್ದನ್ನು ಕೇಳಲು ಕಿವಿಗೊಟ್ಟು ಕುಳಿತಿದ್ದ ಸೀಮೆಯೇ ಐವತ್ತಾರು ವರ್ಷಗಳ ತರುವಾಯ ತಾನಾಗಿ ಗೊಣಗಿತು.

ಪತ್ರಿಕೆಗಳು ಇದನ್ನು ‘ಸರಣಿ ಭೂಕಂಪ’ ಎಂದು ಕರೆದುವು. ಸರಣಿಯೆಂದರೆ ಒಂದರ ಹಿಂದೆ ಒಂದು ಕ್ರಮವಾಗಿ ಬರುವುದು. ಇಲ್ಲಿ ಆ ಕ್ರಮವೇ ಇಲ್ಲ. ದೊಡ್ಡದೊಂದು ಭೂಕಂಪವಾಗಿ, ಅದರ ಬೆನ್ನಿಗೆ ಮರಿಕಂಪನಗಳು ದಿನದಿನಕ್ಕೆ ಕ್ಷೀಣಿಸುತ್ತ ಬರುವುದು ಲೋಕಪ್ರಸಿದ್ಧವಾದ ರೀತಿ. ಆ ಕ್ಷೀಣಗತಿಯ ನಿಯಮವನ್ನು ಜಪಾನಿನ ಓಮೋರಿ ಎಂಬ ವಿದ್ವಾಂಸನು 1894ರಲ್ಲಿಯೇ ಸೂತ್ರರೂಪಕ್ಕೆ ತಂದನು. ಆದರೆ ತಾಯಿಯೂ ಇಲ್ಲದೆ, ಮರಿಗಳೂ ಇಲ್ಲದೆ, ಹೆಚ್ಚುಕಡಿಮೆ ಸಮಾನಗಾತ್ರದ ಕಂಪನಗಳು ಒಂದೇ ಎಡೆಯಲ್ಲಿ ಗುಂಪುಗೂಡಿ, ಏರುತ್ತ ಇಳಿಯುತ್ತ, ದಿನಗಟ್ಟಲೆಯೋ ವರ್ಷಗಟ್ಟಲೆಯೋ ನಡೆದು, ಬಂದಂತೆಯೇ ಹೇಳದೆ ಕೇಳದೆ ಹೊರಟುಹೋಗುವ ಇನ್ನೊಂದು ರೀತಿಯನ್ನು ಯೂರೋಪಿನ ಬೊಹೀಮಿಯಾ ಪ್ರಾಂತದಲ್ಲಿ ಗುರುತಿಸಿದ ಕ್ನೆಟ್ ಎಂಬಾತನು 1899ರಲ್ಲಿ ಅದಕ್ಕೆ ಜರ್ಮನ್ ಭಾಷೆಯಲ್ಲಿ ಹಿಂಡು ಎಂಬ ಹೆಸರಿಟ್ಟನು. ಜೇನುಹುಳುಗಳ ಹಿಂಡಿಗೆ ಅವರು ಬಳಸುವ ಶಬ್ದವೇ ಅದು. ಸಿಲ್ವರ್ ಓಕ್ ಮರದ ಕೊಂಬೆಗೆ ಹೆಜ್ಜೇನು ಬಂದು ಕೂರುವುದನ್ನು ಕಂಡ ಮಲೆನಾಡಿಗರಿಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ನಾನು ಹಿಂಡುಕಂಪನ ಎಂದೇ ಕರೆಯುವೆನು.

ಹಿಂಡುಕಂಪನಗಳ ನಿಜವಾದ ತವರು ಮರುಭೂಮಿ ಎಂದರೆ ಪೂರ್ತಿ ಸತ್ಯವಲ್ಲದಿದ್ದರೂ, ಅವುಗಳ ಚರ್ಯೆಯನ್ನು ಅತಿ ಸೂಕ್ಷ್ಮವಾಗಿ ಅಭ್ಯಾಸಮಾಡಿರುವುದು ಕ್ಯಾಲಿಫೋರ್ನಿಯಾದ ದಕ್ಷಿಣ ಮರುಭೂಮಿಯಲ್ಲಿ. ಅಲ್ಲಿ ಸ್ಯಾನ್ ಆಂಡ್ರಿಯಾಸ್ ಎಂಬ ಮಹಾಸ್ತರಭಂಗವು (ನೆಲದಾಳದ ಬಂಡೆ ಸೀಳಿ ಜಾರುವ ಎಡೆಗೆ ಸ್ತರಭಂಗವೆಂದು ಹೆಸರು) ತನ್ನ ದಕ್ಷಿಣದ ತುದಿಯಲ್ಲಿ ಸಾಲ್ಟನ್ ಸಮುದ್ರವೆಂಬ ಉಪ್ಪು ಸರೋವರದ ದಂಡೆಗೆ ಬಂದು ಮುಗಿಯುತ್ತದೆ. ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿರುವ ಆ ತಗ್ಗಿಗೆ 1905ರಲ್ಲಿ ಕೊಲರಾಡೊ ನದಿಯು ಕಾಲುವೆಯೊಡೆದು ನುಗ್ಗಿದ್ದರಿಂದ ಆದ ಸರೋವರವದು. ಅಲ್ಲಿಂದ ದಕ್ಷಿಣಕ್ಕೆ ಬ್ರಾಲಿ ಎಂಬ ವಲಯದಲ್ಲಿ ಭೂಮಿಯ ತೊಗಟೆ ಬಿರಿದು ಅಗಲವಾಗುತ್ತಿರುವ ಕಾರಣ, ಬಿಸಿನೀರೂ ಕರಗಿದ ಶಿಲೆಯ ಕಾವೂ ಮೇಲಕ್ಕೆ ಏರುತ್ತಲಿದ್ದು, ಹಿಂಡುಕಂಪನಗಳು ನಮ್ಮಲ್ಲಿ ಗುಡುಗು ಸಿಡಿಲುಗಳಿರುವಂತೆ ಪರಿಚಿತ. 2016ರ ಸೆಪ್ಟೆಂಬರ್ 26ರಂದು ಆ ಸರೋವರದ ದಂಡೆಯ ಬಾಂಬೆ ಬೀಚ್ ಎಂಬ ಬಡ ಹಳ್ಳಿಯ ಬಳಿ (ಮುಂಬಯಿಗೂ ಅದಕ್ಕೂ ಹೆಸರಿನ ಹೊರತು ನಂಟಿಲ್ಲ) ಒಂದೆರಡು ದಿನಗಳಲ್ಲಿ ಇನ್ನೂರು ಸಣ್ಣ ಕಂಪನಗಳಾದುವು. ಮಹಾಸ್ತರಭಂಗದ ಬಾಯಿಯಲ್ಲೇ ಇದು ನಡೆದದ್ದರಿಂದ ಆ ದೇಶದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಒಂದು ಪ್ರಕಟನೆ ಹೊರಡಿಸಿದರು. ಅದರ ಧಾಟಿಯನ್ನು ತಾವು ಗಮನಿಸಬೇಕು. ಹೆದರಬೇಡಿರೆಂದು ಅವರು ಹೇಳಲಿಲ್ಲ, ಪ್ರಳಯವಾಗುತ್ತದೆಂದೂ ಹೇಳಲಿಲ್ಲ. ಮುಂದಿನ ಏಳು ದಿನಗಳಲ್ಲಿ 7ರ ಅಥವಾ ಅದಕ್ಕೂ ಮಿಗಿಲಾದ ಪ್ರಮಾಣದ ಭೂಕಂಪವಾಗುವ ಸಂಭವವು 3,000ಕ್ಕೆ 1ರಿಂದ 100ಕ್ಕೆ 1ರವರೆಗೆ ಇದೆ. ಹಿಂಡಿಲ್ಲದ ಸಾಮಾನ್ಯ ವಾರದಲ್ಲಿ ಅದು 6,000ಕ್ಕೆ 1 ಇರುತ್ತದೆ. ಇಷ್ಟು ಹೇಳಿ ಸುಮ್ಮನಾದರು. ಹಿಂಡು ಚೆದುರಿತು, ದೊಡ್ಡದಾವುದೂ ಬರಲಿಲ್ಲ. ಅಜ್ಞಾನವನ್ನು ಇಷ್ಟು ಮರ್ಯಾದೆಯಿಂದ ಅಂಕೆಗಳಲ್ಲಿ ಒಪ್ಪಿಕೊಂಡ ಸರ್ಕಾರಿ ಪತ್ರವನ್ನು ನಾನು ಬೇರೆ ಕಂಡಿಲ್ಲ.

ಅದೇ ಸೀಮೆಯ ಇನ್ನೊಂದು ಹಿಂಡು ಕಾರಣದ ಗುಟ್ಟನ್ನು ಹೊರಗೆಡಹಿತು. ಕಹುಯಿಲಾ ಎಂಬ ಸ್ಥಳದಲ್ಲಿ 2016ರಿಂದ ನಾಲ್ಕು ವರ್ಷಗಳ ಕಾಲ ಸಾಗಿದ ಹಿಂಡಿನಲ್ಲಿ 22,000ಕ್ಕೂ ಹೆಚ್ಚು ಕಂಪನಗಳನ್ನು ಗಣಕಯಂತ್ರವು ಒಂದೊಂದಾಗಿ ಹೆಕ್ಕಿ ತೆಗೆಯಿತು. ಅವುಗಳಲ್ಲಿ ಅತಿ ದೊಡ್ಡದು 4.4. ಪ್ರತಿಯೊಂದರ ನೆಲೆಯನ್ನೂ ಆಳವನ್ನೂ ಗುರುತುಹಾಕಿ ನೋಡಲಾಗಿ, ಕಂಪನಗಳು ತಳದ ಒಂದು ಮೂಲೆಯಿಂದ ಆರಂಭವಾಗಿ ಬಹು ನಿಧಾನವಾಗಿ ಸ್ತರಭಂಗದ ಹಲಗೆಯುದ್ದಕ್ಕೂ ಮೇಲೇರುತ್ತ, ಎಡಬಲಕ್ಕೆ ಹರಡುತ್ತ ಹೋದದ್ದು ಕಂಡಿತು. ಆಳದಲ್ಲಿ ಮುಚ್ಚಿಹೋಗಿದ್ದ ದ್ರವದ ಭಂಡಾರವೊಂದರ ಬಿರಡೆ ಹೇಗೋ ಬಿಟ್ಟುಕೊಂಡಿತು. ಆ ದ್ರವ ಹರಿದ ದಾರಿಯಲ್ಲಿ ಕಲ್ಲು ನಡುಗಿತು. ಜಪಾನಿನ ಮಾತ್ಸುಶಿರೊ ಪಟ್ಟಣದಲ್ಲಿ 1965ರಲ್ಲಿ ಆರಂಭವಾಗಿ ಎರಡು ವರ್ಷಗಳಿಗೂ ಮೀರಿ ನಡೆದ ಹಿಂಡಿನಲ್ಲಿ ಯಂತ್ರಗಳು ಏಳು ಲಕ್ಷದ ಸುಮಾರಿಗೆ ಕಂಪನಗಳನ್ನು ಎಣಿಸಿದುವು. ಅಲ್ಲಿ ನೆಲದಿಂದ ನೀರು ಕಣ್ಣಿಗೆ ಕಾಣುವಂತೆಯೇ ಉಕ್ಕಿ ಹರಿದಿತ್ತು.

ನೀರು ಕಲ್ಲನ್ನು ಹೇಗೆ ಅಲುಗಿಸೀತು ಎಂಬ ಸಂಶಯ ಸಹಜ. ನೀರು ಎಣ್ಣೆಯಂತೆ ಸವರಿ ಜಾರಿಸುವುದೆಂದು ಅನೇಕರು ತಿಳಿದಿರುವರು, ಹಾಗಲ್ಲ. ಅನ್ನ ಕುದಿಯುವ ಗಡಿಗೆಯ ಮುಚ್ಚಳವನ್ನು ನೆನೆಯಿರಿ. ಮುಚ್ಚಳದ ತೂಕ ಅಷ್ಟೇ ಇದೆ, ಗಡಿಗೆಯ ಕಂಠವೂ ಹಾಗೆಯೇ ಇದೆ. ಒಳಗಿನ ಆವಿ ಕೆಳಗಿನಿಂದ ಒತ್ತುವುದರಿಂದ ಮುಚ್ಚಳದ ಹಿಡಿತ ಹಗುರವಾಗಿ, ಅದು ತಟತಟನೆ ಕುಣಿಯುತ್ತದೆ. ಭೂಗರ್ಭದಲ್ಲಿ ಸೀಳಿದ ಬಂಡೆಯ ಎರಡು ಮೈಗಳು ಮೇಲಿನ ಭಾರದಿಂದ ಒಂದನ್ನೊಂದು ಅಮುಕಿ ಹಿಡಿದಿವೆ. ಪಕ್ಕಕ್ಕೆ ಜಾರಬೇಕೆಂಬ ಒತ್ತಡ ಯುಗಯುಗಗಳಿಂದ ಕೂಡಿಕೊಂಡಿದ್ದರೂ ಆ ಹಿಡಿತ ಬಿಡದು. ಸೀಳಿನೊಳಗೆ ನೀರಿನ ಒತ್ತಡ ಏರಿತೆಂದರೆ ಹಿಡಿತದಲ್ಲಿ ಅಷ್ಟು ಪಾಲು ಕಳೆಯಿತು. ಕಲ್ಲು ಕೂದಲೆಳೆಯಷ್ಟು ಜಾರಿತು. ಅಟ್ಟದ ಮೇಲೆ ಕಾಯಿ ಉರುಳಿತು. ಅಮೆರಿಕದ ಡೆನ್ವರ್ ನಗರದ ಬಳಿ ಸೈನ್ಯದ ಕಾರ್ಖಾನೆಯೊಂದರ ಕೊಳಕು ನೀರನ್ನು ಮೂರೂವರೆ ಕಿಲೋಮೀಟರಿಗೂ ಮಿಗಿಲಾದ ಆಳದ ಬಾವಿಗೆ 1962ರ ಮಾರ್ಚಿಯಿಂದ ಒತ್ತಿ ತುಂಬಹತ್ತಿದರು. ಮರುತಿಂಗಳಿನಿಂದಲೇ ನೆಲ ನಡುಗಹತ್ತಿತು. ಬೇಡವಾದ ವಸ್ತುವನ್ನು ಕಣ್ಮರೆಮಾಡುವ ಉಪಾಯವು ಒಂದು ಶಾಸ್ತ್ರಕ್ಕೇ ಪ್ರಯೋಗಶಾಲೆಯಾಯಿತು.

ನಮ್ಮ ಪಾಲಿಗೆ ಹೆಚ್ಚು ಹತ್ತಿರವಾದ ನಿದರ್ಶನ ಮಹಾರಾಷ್ಟ್ರದ ಕೊಯ್ನಾ. 1962ರಲ್ಲಿ ನೀರು ನಿಲ್ಲಿಸಿದ ಆ ಜಲಾಶಯದ ಸುತ್ತ ಸಣ್ಣ ಕಂಪನಗಳು ತೊಡಗಿ, 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರ ಭೂಕಂಪವಾಗಿ ನೂರಾರು ಜನ ಸತ್ತರು; ಅದರ ನಡುಕ ಬೆಂಗಳೂರಿನವರೆಗೂ ತಲಪಿತು. ಆ ಎಡೆಯ ಕಂಪನಗಳು ಇಂದಿಗೂ ಪೂರ್ತಿ ನಿಂತಿಲ್ಲ. ಆದಕಾರಣ ಸೀಳಿನೊಳಗಿನ ನೀರಿನ ಚರ್ಯೆಯನ್ನು ನೇರವಾಗಿ ಕಾಣಬೇಕೆಂದು ನಮ್ಮ ದೇಶದ ವಿಜ್ಞಾನಿಗಳು ಅಲ್ಲಿ ಮೂರು ಕಿಲೋಮೀಟರ್ ಆಳದ ರಂಧ್ರವನ್ನೇ ಕೊರೆದರು. ಹೇಮಾವತಿಯ ದಂಡೆಯವರು ಇದನ್ನು ಕೇಳಿ ಗೊರೂರಿನ ಅಣೆಕಟ್ಟೆಯ ಕಡೆ ತಿರುಗಿ ನೋಡಬೇಕಾಗಿಲ್ಲ. ನೀರು ನಿಲ್ಲಿಸಿದೆಡೆಯಲ್ಲೆಲ್ಲ ನೆಲ ನಡುಗುವುದಿಲ್ಲ. ಮೊದಲೇ ಜಾರಲು ಸಿದ್ಧವಾಗಿ ನಿಂತ ಸೀಳು ಬೇಕು. ನೀರು ಕೊನೆಯ ನೂಕನ್ನು ಮಾತ್ರ ಕೊಡುತ್ತದೆ.

ಗೊರೂರೆಂದೊಡನೆ ಸಾಹಿತ್ಯಪ್ರಿಯರಾದ ತಮಗೆ ರಾಮಸ್ವಾಮಿ ಅಯ್ಯಂಗಾರ್ಯರು ನೆನಪಾಗುವರು. ಭೂವಿಜ್ಞಾನಿಗಳಿಗೆ ಗೊರೂರೆಂದರೆ ಒಂದು ಶಿಲೆ. ಹಾಸನ ಗೊರೂರುಗಳ ನಡುವಣ ಪಟ್ಟೆಪಟ್ಟೆಯಾದ ಗ್ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷಗಳ ವಯಸ್ಸೆಂದು ನಿಷ್ಕರ್ಷಿಸಿದ್ದಾರೆ; ಹಿಮಾಲಯ ಅದರ ಮುಂದೆ ನಿನ್ನೆ ಹುಟ್ಟಿದ ಶಿಶು. ಇಷ್ಟು ಮುದಿಯಾದ, ಘನವಾದ ನೆಲ ಅಲುಗಲಾರದೆಂದು ನಮ್ಮ ಗುರುಗಳು ನಮಗೆ ಪಾಠ ಹೇಳಿದರು, ನಾನೂ ಬಹುಕಾಲ ಹಾಗೆಯೇ ಹೇಳಿದೆ. ಭಾರತದ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿದು ಹಿಮಾಲಯದ ಬುಡವನ್ನು ಒತ್ತುತ್ತಿರುವಾಗ, ಆ ಒತ್ತಿನ ಪ್ರತಿಘಾತ ಬಾಗಿಲನ್ನು ತಳ್ಳುವವನ ಮೊಣಕೈಗೂ ಭುಜಕ್ಕೂ ಏರುವಂತೆ ಇಡೀ ಪರ್ಯಾಯದ್ವೀಪಕ್ಕೂ ಹಬ್ಬುತ್ತದೆಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಳೆಯ ಸೀಳುಗಳು ಎಲ್ಲೆಲ್ಲಿ ಒತ್ತಡಕ್ಕೆ ಅನುಕೂಲವಾದ ದಿಕ್ಕಿನಲ್ಲಿವೆಯೋ ಅಲ್ಲಲ್ಲಿ, ಮುಂಗಾರಿನ ನೀರು ಇಳಿದಾಗ, ಸಣ್ಣಗೆ ಸರಿಯುತ್ತವೆ. ಕೊಡಗು ಮತ್ತು ಗಡಿಕೇಶ್ವರಗಳಿಗೆ ಬಂದು ನೋಡಿದ ತಜ್ಞರು ಮಳೆಯನ್ನು ಕಾರಣವಾಗಿ ಹೇಳಿದ್ದು ಈ ನ್ಯಾಯದಿಂದ. ಗುಜರಾತಿನ ತಲಾಲಾ ಸೀಮೆಯ ಹಿಂಡುಗಳೂ ಮಳೆಗಾಲದ ಜೊತೆಯವೆಂದು ಬಲ್ಲವರ ಅಭಿಪ್ರಾಯ.

ಮುದಿಶಿಲೆಯ ಇನ್ನೊಂದು ಗುಣವನ್ನು ಹೇಳಲೇಬೇಕು. ಮರಳು ಮೆಕ್ಕಲುಗಳ ಮೆತ್ತನೆಯ ನೆಲವು ಕಂಪನದ ಚುರುಕಾದ ಅಲೆಗಳನ್ನು ನುಂಗಿಬಿಡುತ್ತದೆ. ನಮ್ಮ ಗಟ್ಟಿ ಬಂಡೆ ನುಂಗದೆ, ಕಂಚಿನ ಗಂಟೆಯಂತೆ ಮೇಲಕ್ಕೆ ಸಾಗಿಸುತ್ತದೆ. ಆದುದರಿಂದಲೇ ಎರಡು ಮೂರರ ಅಲ್ಪಪ್ರಮಾಣದ ಕಂಪನಕ್ಕೂ ಇಲ್ಲಿ ಗುಡುಗಿನಂಥ, ದೂರದ ಕ್ವಾರಿಯಲ್ಲಿ ಮದ್ದು ಸಿಡಿಸಿದಂಥ ಸದ್ದು ಕೇಳುವುದು. ಚೆಂಬುವಿನಲ್ಲಿಯೂ ಗಡಿಕೇಶ್ವರದಲ್ಲಿಯೂ ಜನ ಮೊದಲು ಹೇಳಿದ್ದು ಸದ್ದಿನ ಮಾತನ್ನೇ. ಯಂತ್ರದಲ್ಲಿ ದಾಖಲಾಗಲಿಲ್ಲವೆಂಬ ಒಂದೇ ಕಾರಣದಿಂದ ಅಂಥ ಸಾಕ್ಷ್ಯವನ್ನು ಭ್ರಮೆಯೆಂದು ತಳ್ಳಿಹಾಕುವುದು ನನ್ನ ಮಟ್ಟಿಗೆ ಅವಿವೇಕ. ಯಂತ್ರ ಐವತ್ತು ಮೈಲಿ ದೂರದಲ್ಲಿತ್ತು, ಸದ್ದು ಕೇಳಿತೆಂದ ಮುದುಕಿ ಕಂಪನದ ನೆತ್ತಿಯ ಮೇಲೆ ಮಲಗಿದ್ದಳು.

ಇನ್ನು ಈ ಸಣ್ಣ ನಡುಕಗಳಿಂದ ಒಳಗಿನ ಒತ್ತಡ ಖಾಲಿಯಾಗಿ ದೊಡ್ಡ ಕಂಟಕ ತಪ್ಪುವುದೆಂಬ ಸಮಾಧಾನದ ಮಾತು ಇದೆಯಲ್ಲ, ಅದನ್ನು ವಿದ್ಯಾವಂತರ ಬಾಯಲ್ಲಿಯೇ ಹೆಚ್ಚು ಕೇಳಿದ್ದೇನೆ. ಲೆಕ್ಕ ಹಾಕೋಣ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಹಾಕಿಕೊಟ್ಟ ಅಳತೆಯ ಕ್ರಮದಲ್ಲಿ ಒಂದು ಮೆಟ್ಟಿಲು ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಾಲು ಏರುತ್ತದೆ. ಎರಡು ಮೆಟ್ಟಿಲಿಗೆ 1,000 ಪಾಲು. ಮೂರಕ್ಕೆ 32,000ದ ಸಮೀಪ. ಎಂದರೆ, 6ರ ಭೂಕಂಪವೊಂದರ ಶಕ್ತಿಯನ್ನು ನಮ್ಮ ಚೆಂಬುವಿನಂಥ 3ರ ಕಂಪನಗಳಿಂದ ತೀರಿಸಬೇಕಾದರೆ, ದಿನಕ್ಕೊಂದರಂತೆ ತಪ್ಪದೆ ಬಂದರೂ ಎಂಬತ್ತು ವರ್ಷ ಮೀರಿ ಬೇಕು. ಸಾಹುಕಾರನ ದೊಡ್ಡ ಸಾಲವನ್ನು ಕಾಸು ಕಾಸು ಕೊಟ್ಟು ತೀರಿಸುತ್ತಿದ್ದೇನೆಂದು ನೆಮ್ಮದಿಯಿಂದ ನಿದ್ರಿಸುವವನಿಗೂ ಈ ವಾದ ಮಾಡುವವರಿಗೂ ಅಂತರವಿಲ್ಲ.

ಈ ಸುಳ್ಳು ಸಮಾಧಾನ ಜನರ ಪ್ರಾಣಕ್ಕೆ ಎರವಾದದ್ದೂ ಉಂಟು. ಇಟಲಿಯ ಲಾಕ್ವಿಲಾ ನಗರದಲ್ಲಿ 2009ರ ಆರಂಭದ ತಿಂಗಳುಗಳಲ್ಲಿ ಹಿಂಡುಕಂಪನಗಳು ಜನರ ನಿದ್ದೆಗೆಡಿಸಿದಾಗ, ಅವರನ್ನು ಸಂತೈಸಲು ಬಂದ ಅಧಿಕಾರಿಯೊಬ್ಬನು, ಶಕ್ತಿ ಹೀಗೆ ಕೊಂಚಕೊಂಚವಾಗಿ ಹೊರಹೋಗುತ್ತಿರುವುದು ಅನುಕೂಲವೇ ಎಂಬರ್ಥದ ಮಾತನ್ನಾಡಿದನು. ಏಪ್ರಿಲ್ 6ರ ನಸುಕಿನಲ್ಲಿ 6.3ರ ಭೂಕಂಪವಾಯಿತು, 309 ಜನ ಮಡಿದರು. ವಿಜ್ಞಾನಿಗಳ ಮೇಲೆಯೇ ಮೊಕದ್ದಮೆ ನಡೆದು, 2012ರಲ್ಲಿ ಶಿಕ್ಷೆಯಾಗಿ, 2014ರಲ್ಲಿ ಆರು ಮಂದಿ ವಿಜ್ಞಾನಿಗಳು ಬಿಡುಗಡೆ ಹೊಂದಿದರು. ಭೂಕಂಪವನ್ನು ಮುಂಚಿತವಾಗಿ ಹೇಳಲಿಲ್ಲವೆಂದು ಯಾರನ್ನೂ ದಂಡಿಸುವುದು ತರವಲ್ಲವೆಂದೇ ನನ್ನ ಭಾವನೆ. ಆದರೆ ತಿಳಿಯದ್ದನ್ನು ತಿಳಿದಂತೆ ಹೇಳಿ, ಹೊರಗೆ ಮಲಗಲು ಹೊರಟವರನ್ನು ಒಳಕ್ಕೆ ಕಳುಹಿಸುವುದು ಬೇರೆಯೇ ಬಗೆಯ ಅಪರಾಧ.

ಇಟಲಿಯವರೆಗೆ ಏಕೆ ಹೋಗಬೇಕು? ಕಲಬುರಗಿ ಬೀದರುಗಳ ನೆರೆಯಲ್ಲಿರುವ ಲಾತೂರು ಸೀಮೆಯ ಕಿಲ್ಲಾರಿಯಲ್ಲಿ 1992ರ ಅಕ್ಟೋಬರಿನಿಂದ ತಿಂಗಳುಗಟ್ಟಲೆ ಇಂಥವೇ ಸಣ್ಣ ನಡುಕಗಳಾದುವು. ಜನ ಹೆದರಿ ಬಯಲಿನಲ್ಲಿ ಮಲಗಿದರು, ನಡುಕ ನಿಂತಿತು, ಬೇಸಗೆ ಕಳೆಯಿತು, ಜನ ಒಳಕ್ಕೆ ಬಂದರು. ಮರುವರ್ಷ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ ರಾತ್ರಿ, ಸೆಪ್ಟೆಂಬರ್ 30ರ ಬೆಳಗಿನ ಜಾವ 3.56ಕ್ಕೆ, 6.2ರ ಭೂಕಂಪವಾಯಿತು. ಸರ್ಕಾರದ ಲೆಕ್ಕದಂತೆಯೇ ಸತ್ತವರು 7,900ಕ್ಕೂ ಹೆಚ್ಚು. ಆ ಸೀಮೆ ಅಂದಿನ ಭೂಪಟದಲ್ಲಿ ಒಂದನೆಯ ವಲಯ, ಎಂದರೆ ಅಪಾಯ ಅತ್ಯಲ್ಪವೆಂದು ಮುದ್ರೆಯೊತ್ತಿದ ಜಾಗ. 2002ರ ಪರಿಷ್ಕಾರದಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿ ಎರಡನೆಯದರಲ್ಲಿ ಸೇರಿಸಿದರು. ಆ ಪಟದಲ್ಲಿ ನಮ್ಮ ಹಾಸನ ಜಿಲ್ಲೆಗೆ ದೊರೆತದ್ದು ಎರಡನೆಯ ವಲಯದ ಬಣ್ಣ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಈಗ ಅದೇ ಎಂಬುದನ್ನು ನೆನಪಿನಲ್ಲಿಡಬೇಕು.

ಇಷ್ಟು ಕೇಳಿ ಯಾರೂ ಇಂದು ರಾತ್ರಿ ಹಾಸಿಗೆ ಸುತ್ತಿಕೊಂಡು ಕಾಫಿ ಕಣಕ್ಕೆ ಹೋಗಬೇಕಾಗಿಲ್ಲ. ನೂರಾರು ಹಿಂಡುಗಳಲ್ಲಿ ಬಹುಪಾಲು ತಾವಾಗಿ ಅಡಗುತ್ತವೆ. ಕಿಲ್ಲಾರಿ ಲಾಕ್ವಿಲಾಗಳು ಅಪವಾದಗಳು. ಕಷ್ಟವೇನೆಂದರೆ, ಹಿಂಡಿನ ನಡುವೆ ನಿಂತಿರುವವನಿಗೆ ತನ್ನದು ಬಹುಪಾಲಿಗೆ ಸೇರಿದ್ದೋ ಅಪವಾದಕ್ಕೆ ಸೇರಿದ್ದೋ ತಿಳಿಯುವ ಉಪಾಯವನ್ನು ಇಂದಿನವರೆಗೆ ಯಾರೂ ಕಂಡುಹಿಡಿದಿಲ್ಲ. 2018ರ ಜುಲೈ 9ರಂದು ಕೊಡಗಿನಲ್ಲಿ 3.4ರ ಕಂಪನವಾಗಿ, ಮರುತಿಂಗಳು ಗುಡ್ಡಗಳು ಕುಸಿದಾಗ, ಒಂದಕ್ಕೆ ಇನ್ನೊಂದನ್ನು ಕಾರಣವಾಗಿ ಹೇಳುವವರ ಗದ್ದಲದಲ್ಲಿ ಅತಿವೃಷ್ಟಿಯೂ, ಕಡಿದಾಗಿ ಅಗೆದ ಇಳಿಜಾರುಗಳೂ ಮರೆತುಹೋದುವು. ಕಾಣದ ಸ್ತರಭಂಗದ ಮೇಲೆ ದೋಷ ಹೊರಿಸಿದರೆ ಕಾಣುವ ಜೆಸಿಬಿಯ ಮೇಲೆ ಹೊರಿಸಬೇಕಾದ ಕಷ್ಟ ತಪ್ಪುತ್ತದೆ.

ಬೇಲೂರಿನ ದೇವಾಲಯ 1117ರಿಂದ ಇಲ್ಲಿಯವರೆಗೆ ನಿಂತಿದೆಯಲ್ಲ, ಅದು ಈ ನೆಲದ ಸ್ಥೈರ್ಯಕ್ಕೆ ಪ್ರಮಾಣವಲ್ಲವೆ ಎಂದು ತರುಣಮಿತ್ರರೊಬ್ಬರು ಸಭೆಗೆ ಮೊದಲೇ ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಒಂದರ ಮೇಲೊಂದು ಉರುಳುವಂತೆ ನಿಂತ ಬಂಡೆಗಳುಂಟು. ಜೇಮ್ಸ್ ಬ್ರೂನ್ ಎಂಬ ವಿಜ್ಞಾನಿ ಅವುಗಳನ್ನು ಹುಡುಕಿಕೊಂಡು ಅಲೆದು, ಇಷ್ಟು ಸಹಸ್ರ ವರ್ಷ ಇದು ಉರುಳದೆ ನಿಂತಿದೆಯಾದರೆ ಅಷ್ಟು ಕಾಲ ಇಲ್ಲಿ ಇಂತಿಷ್ಟಕ್ಕೆ ಮೀರಿದ ಕಂಪನವಾಗಿಲ್ಲವೆಂದು ತರ್ಕಿಸಿದನು. ನಮ್ಮ ದೇವಾಲಯದ ಬಳಪದ ಕಲ್ಲಿನ ಕಂಬಗಳೂ ತೊಲೆಗಳೂ ಅಂಥ ಸಾಕ್ಷಿಗಳೇ. ಗರ್ಭಗುಡಿಯ ಮೇಲಿನ ಗೋಪುರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಳಿಸಿದ್ದು ಅದರ ಭಾರಕ್ಕೆ ಅಂಜಿ, ನೆಲ ನಡುಗಿತೆಂದಲ್ಲ. ಆದುದರಿಂದ ಒಂಬೈನೂರು ವರ್ಷಗಳ ಮಟ್ಟಿಗೆ ಆ ಸಾಕ್ಷ್ಯವನ್ನು ನಾನು ಒಪ್ಪುತ್ತೇನೆ. 330 ಕೋಟಿ ವರ್ಷದ ಕಲ್ಲಿಗೆ ಒಂಬೈನೂರು ವರ್ಷ ಒಂದು ಉಸಿರೂ ಅಲ್ಲವಾದ್ದರಿಂದ ಅದಕ್ಕಿಂತ ಮುಂದೆ ಹೋಗಲಾರೆ. ಕಛ್ ಪ್ರಾಂತದ ರಣದಲ್ಲಿ 1819ರ ಜೂನ್ 16ರಂದು, ಸಮತಲವಾಗಿದ್ದ ಉಪ್ಪುನೆಲದ ನಡುವೆ ಸುಮಾರು 80 ಕಿಲೋಮೀಟರ್ ಉದ್ದದ ದಿಬ್ಬವೊಂದು ಎದ್ದು ನದಿಯ ದಾರಿಗೇ ಅಡ್ಡನಿಂತಿತು. ಸಿಂದ್ರಿ ಎಂಬ ಕೋಟೆ ನೀರಿನಲ್ಲಿ ಮುಳುಗಿತು. ಮನುಷ್ಯರು ಕಟ್ಟಿದ ಏರಿಗಳನ್ನು ಬಲ್ಲ ಅಲ್ಲಿನ ಜನ ಅದನ್ನು ಅಲ್ಲಾಹ್ ಬಂದ್, ದೇವರು ಕಟ್ಟಿದ ಏರಿ, ಎಂದು ಕರೆದರು. ಅದಕ್ಕೆ ಹಿಂದಿನ ದಿನ ಆ ನೆಲವೂ ಸ್ಥಿರವಾಗಿಯೇ ಕಂಡಿತ್ತು.

ನೆಲದ ಮಾತು ಅಷ್ಟಿರಲಿ, ಅದರ ಮೇಲೆ ಕಟ್ಟಿದ್ದರ ಮಾತಿಗೆ ಬರೋಣ. ಕಿಲ್ಲಾರಿಯಲ್ಲಿ ಕೊಂದದ್ದು ಭೂಕಂಪವಲ್ಲ, ಗೋಡೆ. ಮಣ್ಣಿನ ಗಾರೆಯಲ್ಲಿ ಉರುಟುಗಲ್ಲುಗಳನ್ನು ಒಳಮೈ ಹೊರಮೈಯಾಗಿ ಪೇರಿಸಿ ನಡುವೆ ಜಲ್ಲಿ ಮಣ್ಣು ತುಂಬಿದ ದಪ್ಪ ಗೋಡೆ. ಅದರ ಮೇಲೆ ಬಿಸಿಲಿಗೆ ತಂಪಿರಲೆಂದು ವರ್ಷವರ್ಷವೂ ಮಣ್ಣು ಹೊರಿಸಿ ಭಾರಮಾಡಿದ ಮಾಳಿಗೆ. ನಡುಗಿದೊಡನೆ ಗೋಡೆಯ ಎರಡು ಮೈಗಳೂ ಬೇರೆಯಾಗಿ ಬಿದ್ದುವು, ಮಾಳಿಗೆ ಮಲಗಿದ್ದವರ ಮೇಲೆ ಇಳಿಯಿತು. ನಮ್ಮ ಮಲೆನಾಡಿನ ಹೆಂಚಿನ ಮನೆಗಳ ಚಾವಣಿ ಹಗುರ. ಮರದ ತೊಲೆ ಜಂತೆಗಳು ಬಾಗುತ್ತವೆ, ಒಡನೆ ಮುರಿಯುವುದಿಲ್ಲ. ಇದು ನಮ್ಮ ಪುಣ್ಯ. ಆದರೆ ತೋಟಗಳ ಹಳೆಯ ಲೈನ್ ಮನೆಗಳನ್ನು ನೋಡಿ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು, ಮಳೆನೀರು ಕುಡಿದ ಮಣ್ಣಿನ ಗೋಡೆ, ಎಂದೋ ಮೂಲೆಯಲ್ಲಿ ಬಿಟ್ಟ ಬಿರುಕು. ಬಂಗಲೆಗೆ ಹೊಸ ಟೈಲ್ಸು ಹಾಕಿಸುವ ವರ್ಷದಲ್ಲಿಯೇ ಲೈನಿನ ಗೋಡೆಯ ಮೂಲೆಗಳನ್ನು ಕಬ್ಬಿಣ ಹಾಕಿ ಹಿಡಿಸಿ, ಬಾಗಿಲಿನ ನೆತ್ತಿಯ ಮಟ್ಟದಲ್ಲಿ ಸುತ್ತಲೂ ಒಂದು ಕಾಂಕ್ರೀಟು ಪಟ್ಟಿ ಕೊಡಿಸಿ, ಕಲ್ಲಿನ ಗೋಡೆಯಾದರೆ ಅಲ್ಲಲ್ಲಿ ಎರಡು ಮೈಗಳನ್ನೂ ಕೂಡಿಸುವ ಉದ್ದ ಕಲ್ಲನ್ನು ಅಡ್ಡ ಹಾಕಿಸಿದರೆ, ಖರ್ಚು ಟೈಲ್ಸಿನದಕ್ಕಿಂತ ಹೆಚ್ಚಾಗಲಾರದು. ತೋಟದ ಯಜಮಾನರು ಈ ಮಾತನ್ನು ಒರಟೆಂದು ತಿಳಿಯಬಾರದು. ದತ್ತಿ ಉಪನ್ಯಾಸಕನಿಗೆ ಹಾರವನ್ನು ಹಾಕಿಯಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಸಂಪ್ರದಾಯವಿಲ್ಲವೆಂಬ ಧೈರ್ಯದಿಂದ ಹೇಳಿದ್ದೇನೆ.

ಕೊನೆಯದಾಗಿ ಒಂದು ಬೇಡಿಕೆ. ಈ ಸೀಮೆಯ ಪ್ರತಿಯೊಂದು ತೋಟದಲ್ಲಿಯೂ ಮಳೆಮಾಪಕವುಂಟು. ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತೆಂದು ದಿನ ತಪ್ಪದೆ ಬರೆದಿಟ್ಟ ಪುಸ್ತಕವುಂಟು. ತಾತನ ಕಾಲದ ಪುಸ್ತಕಗಳನ್ನು ಬೀರುವಿನಲ್ಲಿ ಜೋಪಾನ ಮಾಡಿದ ಮನೆಗಳನ್ನೂ ಬಲ್ಲೆ. ಮಳೆಗೂ ಕಂಪನಕ್ಕೂ ಇರುವ ನಂಟನ್ನು ಶೋಧಿಸಬೇಕೆನ್ನುವವರಿಗೆ ಇಂಥ ಭಂಡಾರ ಲೋಕದಲ್ಲಿ ಬಹಳ ಎಡೆಗಳಲ್ಲಿಲ್ಲ. ಅದರ ಅರ್ಧ ಈಗಾಗಲೇ ತಮ್ಮ ಕೈಯಲ್ಲಿದೆ. ಆ ಪುಸ್ತಕದ ಬಲಗಡೆಯ ಅಂಚಿನಲ್ಲಿ ಇನ್ನೊಂದು ಗೆರೆ ಎಳೆದು, ನೆಲ ನಡುಗಿದ ದಿನ ಗಡಿಯಾರ ನೋಡಿ ಗಂಟೆ ನಿಮಿಷಗಳನ್ನು ಬರೆಯಿರಿ. ಸದ್ದು ಮೊದಲೋ ನಡುಕ ಮೊದಲೋ ಬರೆಯಿರಿ. ಅಟ್ಟದ ಮೇಲೆ, ಅಡಿಗೆಮನೆಯಲ್ಲಿ, ಏನು ಅಲುಗಿತೆಂಬುದನ್ನು ಬರೆಯಿರಿ. ಲೈನ್ ಮನೆಗಳಲ್ಲಿ ಮಲಗಿದ್ದವರನ್ನು ಕೇಳಿ ಅವರ ಮಾತನ್ನೂ ಬರೆಯಿರಿ. ಬರುವ ರೇವತಿ ಮಳೆಯ ಹೊತ್ತಿಗೆ ಆ ಗೆರೆ ತಮ್ಮ ಪುಸ್ತಕಗಳಲ್ಲಿ ಬಿದ್ದಿರಲಿ.